ಟಿಪ್ಪು ಹಡಗು ಕಟ್ಟಿಸಲು ಮಂಗಳೂರನ್ನು ಯಾಕೆ ಆರಿಸಿಕೊಂಡ?

ಮುಖ್ಯ ಕಾರಣ ಮರ. ನಮ್ಮ ಬೆಂಗಳೂರು ಕೋಟೆ ಹತ್ತಿರದ ಬೇಸಿಗೆ ಅರಮನೆಯ ತೇಗದ ಕಂಬಗಳನ್ನು ನೋಡಿದ್ದೀರಲ್ವಾ? ಹಡಗಿಗೂ ತೇಗವೇ ಬೇಕು. ಅದರಲ್ಲಿ ಎಣ್ಣೆಯಂಶ ಜಾಸ್ತಿ, ನೀರಲ್ಲಿ ಬೇಗ ಕೊಳೆಯುವುದಿಲ್ಲ. ಘಟ್ಟದ ಕಾಡಿನ ದಿಮ್ಮಿಗಳನ್ನು ಹೊಳೆಗೆ ಬಿಟ್ಟರೆ ಕಡಲ ಹತ್ತಿರಕ್ಕೇ ಬರುತ್ತವೆ. ಆದರೆ ಹಸಿ ತೇಗ ಮುಳುಗುತ್ತದೆ, ಮೊದಲು ಚೆನ್ನಾಗಿ ಒಣಗಿಸಬೇಕು. ಹಗ್ಗಕ್ಕೆ ತೆಂಗಿನ ನಾರು ಊರೂರಲ್ಲೂ ಸಿಗುತ್ತಿತ್ತು. ಕರಾವಳಿಯ ಹಳೇ ದೋಣಿಗಳ ಹಲಗೆಗಳನ್ನು ಮೊಳೆಯಿಲ್ಲದೆ ಇದೇ ನಾರಿನಲ್ಲಿ ಹೊಲಿಯುತ್ತಿದ್ದರು!

ಕೆಲಸ ಬಲ್ಲವರೂ ಅಲ್ಲಿದ್ದರು. ಹೈದರಾಲಿ ಕಾಲದಲ್ಲೇ ಮಂಗಳೂರಲ್ಲಿ ಹಡಗು ಕಟ್ಟುವುದು ನಡೆದಿತ್ತು. ಟಿಪ್ಪು 1796ರಲ್ಲಿ 40 ಯುದ್ಧನೌಕೆಗಳಿಗೆ ಆದೇಶ ಕೊಟ್ಟ. ಕುಮಟಾ ಹತ್ತಿರದ ಮಿರ್ಜಾನ್ ಕಡೆಯೂ ಹಡಗು ಕಟ್ಟುವ ಜಾಗ ಮಾಡುವ ಯೋಜನೆ ಇತ್ತು. ನನ್ನ ಪ್ರಕಾರ ಆಸೆ ದೊಡ್ಡದಾಯಿತು, ಸಮಯ ಸಾಲಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣವೇ ಬಿತ್ತು.