ಕಿಟ್ ಕಾರು ಕಟ್ಟುವವರ ಸಂದೇಹಗಳು

ಭಾಗಗಳ ಕಟ್ಟನ್ನು ತರಿಸಿಕೊಂಡು, ಇಲ್ಲವೇ ಹಳೆಯ ವಾಹನವೊಂದರ ಎಂಜಿನ್, ಗೇರ್‌ಬಾಕ್ಸ್‌ಗಳನ್ನು ಬಳಸಿಕೊಂಡು ಮನೆಯಲ್ಲಿಯೇ ಜೋಡಿಸುವ ಕಾರಿಗೆ ಕಿಟ್ ಕಾರು ಎನ್ನುತ್ತಾರೆ. ಈ ಹವ್ಯಾಸವನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಮುಂಬೈ, ಪುಣೆ ಮತ್ತು ಗೋವಾಗಳ ಕನ್ನಡಿಗರು ಬರೆದ ಪತ್ರಗಳಲ್ಲಿ ಕಾರಿನ ಮಾತು ಎಷ್ಟಿದೆಯೋ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್, ಬ್ರಿಟನ್ ಜೊತೆಗಿನ ಒಪ್ಪಂದ, ನ್ಯಾಯಾಲಯದ ತೀರ್ಪುಗಳ ಮಾತೂ ಅಷ್ಟೇ ಇದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಭೋಸರಿಯ ಕಾರ್ಖಾನೆಯೊಂದರಲ್ಲಿ ವೆಲ್ಡರ್. ನನ್ನ ಹಳೆಯ ಓಮ್ನಿಯ ಎಂಜಿನ್, ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಬಳಸಿ ಬ್ರಿಟನ್ನಿನ ಲೋಟಸ್ ಸೆವೆನ್ ಮಾದರಿಯ ಎರಡು ಸೀಟಿನ ಕಾರು ಕಟ್ಟಬೇಕೆಂದಿದ್ದೇನೆ. ಓಮ್ನಿಯ ಆರ್.ಸಿ. ಇಟ್ಟುಕೊಂಡೇ ಅದನ್ನು ರಸ್ತೆಗಿಳಿಸಬಹುದು ಎಂದು ಗೆಳೆಯರು ಹೇಳುತ್ತಾರೆ. ಇದು ಸರಿಯೇ? (ಭೋಸರಿ, ಪುಣೆ)

ಉತ್ತರ: ಸರಿಯಲ್ಲ, ಆ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಆರ್.ಸಿ.ಯಲ್ಲಿ ಎಂಜಿನ್ ಸಂಖ್ಯೆಯ ಜೊತೆಗೆ ಚಾಸಿ (ಅಡಿಚೌಕಟ್ಟು) ಸಂಖ್ಯೆ, ತಯಾರಕರ ಹೆಸರು, ಮಾದರಿ, ಬಾಡಿಯ ಬಗೆ, ಸೀಟುಗಳ ಸಂಖ್ಯೆ, ಖಾಲಿ ವಾಹನದ ತೂಕ ಎಲ್ಲವೂ ನಮೂದಾಗಿರುತ್ತವೆ. ಓಮ್ನಿಗೆ ಬಾಡಿಯಿಂದ ಬೇರ್ಪಡಿಸಬಹುದಾದ ಚಾಸಿಯೇ ಇಲ್ಲ, ಬಾಡಿಯೇ ಚಾಸಿ. ಹಾಗಾಗಿ ಎಂಜಿನ್ನನ್ನು ಎತ್ತಿ ಹೊಸ ಚೌಕಟ್ಟಿಗೆ ಕೂರಿಸಿದ ಮೇಲೆ ಕಾನೂನಿನ ಕಣ್ಣಿಗೆ ಓಮ್ನಿ ಎಂಬುದು ಹಳೆಯ ಬಾಡಿಯ ಜೊತೆಗೆ ಹಿಂದೆಯೇ ಉಳಿಯುತ್ತದೆ. ಚಾಸಿ ಸಂಖ್ಯೆಯಿರುವ ತಗಡಿನ ತುಂಡನ್ನು ಕತ್ತರಿಸಿ ಹೊಸ ಚೌಕಟ್ಟಿಗೆ ಬೆಸೆಯುವ ಉಪಾಯವನ್ನು ಕೆಲವು ಗ್ಯಾರೇಜಿನವರು ಹೇಳಿಕೊಡುತ್ತಾರೆ. ಕದ್ದ ವಾಹನಗಳನ್ನು ಮಾರುವವರು ಮಾಡುವುದೂ ಅದನ್ನೇ ಆದ್ದರಿಂದ, ಸಿಕ್ಕಿಬಿದ್ದಾಗ ಹವ್ಯಾಸಕ್ಕಾಗಿ ಮಾಡಿದೆ ಎಂದರೆ ಯಾರೂ ಕಿವಿಗೊಡುವುದಿಲ್ಲ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ, ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಆರ್.ಸಿ.ಯ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ದಂಡಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದದ್ದು ವಿಮೆಯ ವಿಷಯ. ಓಮ್ನಿಯ ಹೆಸರಿನಲ್ಲಿರುವ ಪಾಲಿಸಿ ನಿಮ್ಮ ಹೊಸ ಕಾರಿನ ನೆರವಿಗೆ ಬರುತ್ತದೆಂದು ನಂಬುವಂತಿಲ್ಲ. ಅಪಘಾತದಲ್ಲಿ ಯಾರಿಗಾದರೂ ಪೆಟ್ಟಾದರೆ ಪರಿಹಾರದ ಹೊರೆ ನಿಮ್ಮ ಮನೆಯ ಮೇಲೆಯೇ ಬೀಳಬಹುದು.

ಹಾಗಾದರೆ ಅದನ್ನು ಹೊಸ ಕಾರೆಂದೇ ನೋಂದಾಯಿಸಬಹುದಲ್ಲ ಎಂದು ನೀವು ಕೇಳಬಹುದು. ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ತಯಾರಕರು ತಮ್ಮ ವಾಹನದ ಮೂಲಮಾದರಿಯನ್ನು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪರೀಕ್ಷೆಗೆ ಒಪ್ಪಿಸಬೇಕು. ಅಂಥ ಸಂಸ್ಥೆಗಳಲ್ಲಿ ಎರಡು ನಿಮ್ಮ ಊರಿನಲ್ಲಿಯೇ ಇವೆ: 1966ರಲ್ಲಿ ಆರಂಭವಾದ, ಕೋಥ್ರೂಡ್ ಪಕ್ಕದ ಗುಡ್ಡದ ಮೇಲಿರುವ ಎ.ಆರ್.ಎ.ಐ. ಮತ್ತು ನಾಶಿಕ್ ರಸ್ತೆಯಲ್ಲಿ ಭೋಸರಿಯ ಸಿ.ಐ.ಆರ್.ಟಿ. ಆದರೆ ಬಾಗಿಲು ಹತ್ತಿರವಿದ್ದ ಮಾತ್ರಕ್ಕೆ ಒಳಗೆ ಹೋಗುವುದು ಸುಲಭವಲ್ಲ. 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ, ಹೊಗೆ ಮಾಲಿನ್ಯಕ್ಕೆ ಮಿತಿ ಹಾಕುವ ಬಿ.ಎಸ್. 6 ಮಾನದಂಡಕ್ಕೆ ಓಮ್ನಿಯ ಹಳೆಯ ಎಂಜಿನ್ ಹೊಂದುವುದಿಲ್ಲ. ಡಿಕ್ಕಿ ಹೊಡೆಸಿ ನೋಡುವ ಪರೀಕ್ಷೆಗೆ ಒಪ್ಪಿಸಿದ ಕಾರು ಮನೆಗೆ ಹಿಂದಿರುಗುವುದಿಲ್ಲ. ಸಾವಿರಾರು ಕಾರುಗಳನ್ನು ಮಾರುವ ಕಂಪನಿಗೆಂದು ರೂಪಿಸಿದ ಈ ವ್ಯವಸ್ಥೆಯಲ್ಲಿ, ಒಂದೇ ಒಂದು ಕಾರು ಕಟ್ಟಿದವನಿಗೆ ದಾರಿಯನ್ನೇ ಇಟ್ಟಿಲ್ಲ. ಈ ಅಂಕಣದ ಉಳಿದ ಉತ್ತರಗಳೂ ಬಹುಮಟ್ಟಿಗೆ ಈ ಕೊರತೆಯ ಸುತ್ತಲೇ ಸುತ್ತುತ್ತವೆ.

ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆಯಲ್ಲಿ ಕುಶಲಕರ್ಮಿಯೊಬ್ಬರು ಗುಜರಿಯ ಭಾಗಗಳಿಂದ, ಕಿಕ್ ಹೊಡೆದು ಚಾಲೂ ಮಾಡುವ ಪುಟ್ಟ ಕಾರು ಕಟ್ಟಿದ್ದು ನಿಮಗೆ ನೆನಪಿರಬಹುದು. 2021ರ ಡಿಸೆಂಬರಿನಲ್ಲಿ ಆನಂದ್ ಮಹೀಂದ್ರ ಅವರು ಅದನ್ನು ಮೆಚ್ಚುತ್ತಲೇ, ಆ ಕಾರು ನಿಯಮಗಳಿಗೆ ಹೊಂದದ ಕಾರಣ ಅಧಿಕಾರಿಗಳು ಇಂದಲ್ಲ ನಾಳೆ ತಡೆಯುತ್ತಾರೆಂದು ಹೇಳಿ, ಬದಲಿಗೆ ಬೊಲೆರೊ ಕೊಡುವುದಾಗಿ ಘೋಷಿಸಿದರು. ಮುಂದೆ ಕೊಟ್ಟರು ಕೂಡ. ಎಲ್ಲರಿಗೂ ಅಂಥ ಅದೃಷ್ಟ ಒದಗುವುದಿಲ್ಲ.

ಇಷ್ಟು ಹೇಳಿದ ಮೇಲೂ, ಖಾಸಗಿ ಜಾಗದಲ್ಲಿ ಮತ್ತು ಟ್ರ್ಯಾಕಿನಲ್ಲಿ ಓಡಿಸುವುದಕ್ಕೆಂದು ನೀವು ಕಾರನ್ನು ಅಗತ್ಯವಾಗಿ ಕಟ್ಟಿ ಎಂದೇ ನನ್ನ ಸಲಹೆ. ಓಮ್ನಿಯನ್ನು ಆರಿಸಿಕೊಂಡದ್ದು ಜಾಣತನ. ಮಾರುತಿ 800ರಲ್ಲಿ ಎಂಜಿನ್ ಅಡ್ಡಲಾಗಿದ್ದು ಮುಂದಿನ ಚಕ್ರಗಳನ್ನು ತಿರುಗಿಸಿದರೆ, ಓಮ್ನಿಯಲ್ಲಿ ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್ ಉದ್ದುದ್ದಕ್ಕೆ ಕುಳಿತು ಹಿಂದಿನ ಚಕ್ರಗಳಿಗೆ ಶಕ್ತಿ ಕೊಡುತ್ತದೆ. ಸೆವೆನ್ ಮಾದರಿಗೆ ಬೇಕಾಗಿರುವುದು ಅದೇ. ಶಕ್ತಿಯನ್ನು ಹಿಂದಿನ ಆಕ್ಸಲಿಗೆ ಒಯ್ಯುವ ಪ್ರೊಪೆಲರ್ ಶಾಫ್ಟಿನ ಉದ್ದ ಬದಲಾಗುವುದರಿಂದ ಅದನ್ನು ಲೇತ್ ಮತ್ತು ಬ್ಯಾಲೆನ್ಸಿಂಗ್ ಎರಡೂ ಇರುವ ಕಡೆಯಲ್ಲಿಯೇ ಮಾಡಿಸಿ. ಹಿಂದಿನ ಲೀಫ್ ಸ್ಪ್ರಿಂಗ್‌ಗಳು ತೂಕ ಹೊರುವುದಲ್ಲದೆ ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡುವ ಕೆಲಸವನ್ನೂ ಮಾಡುತ್ತವೆ; ಅವುಗಳನ್ನು ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕುವವರು ಉದ್ದದ ತೋಳುಗಳನ್ನೂ, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಒಂದು ಅಡ್ಡ ಸರಳನ್ನೂ ಕೊಡಬೇಕಾಗುತ್ತದೆ.

ಚೌಕಟ್ಟಿನ ವಿಷಯದಲ್ಲಿ ವೆಲ್ಡರ್ ಆದ ನಿಮಗೆ ಹೆಚ್ಚು ಹೇಳಬೇಕಿಲ್ಲ. ಎಲ್ಲ ಕೊಳವೆಗಳನ್ನೂ ಮೊದಲು ಟ್ಯಾಕ್ ಹೊಡೆದು ನಿಲ್ಲಿಸಿ, ಕರ್ಣಗಳನ್ನು ಅಳೆದು, ಆಮೇಲೆ ಎಡಬಲ ಬದಲಾಯಿಸುತ್ತ ಪೂರ್ಣ ಬೆಸುಗೆ ಹಾಕಿ; ಒಂದೇ ಮೂಲೆಯನ್ನು ಮುಗಿಸಿಕೊಂಡು ಹೋದರೆ ಕಾವಿಗೆ ಇಡೀ ಚೌಕಟ್ಟು ತಿರುಚಿಕೊಳ್ಳುತ್ತದೆ. ಹವ್ಯಾಸಿಗಳು ಹೆಚ್ಚಾಗಿ ಎಡವುವುದು ಸ್ಟೀರಿಂಗಿನಲ್ಲಿ. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನ ಉದ್ದವೂ ಅದರ ಒಳಕೀಲಿನ ಸ್ಥಾನವೂ ಸಸ್ಪೆನ್ಷನ್ ತೋಳುಗಳ ಕೀಲುಗಳಿಗೆ ಹೊಂದದಿದ್ದರೆ, ಚಕ್ರ ಹಳ್ಳಕ್ಕೆ ಬಿದ್ದು ಎದ್ದಾಗಲೆಲ್ಲ ನೀವು ಸ್ಟೀರಿಂಗ್ ಮುಟ್ಟದೆಯೂ ಕಾರು ತಾನಾಗಿ ಪಕ್ಕಕ್ಕೆ ಎಳೆಯುತ್ತದೆ. ಇದನ್ನು ಬಣ್ಣ ಬಳಿಯುವ ಮುನ್ನವೇ ಪರೀಕ್ಷಿಸಬೇಕು: ಸ್ಪ್ರಿಂಗ್ ಬಿಚ್ಚಿ, ಜ್ಯಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಆಡಿಸಿ, ಅದರ ಮುಖ ತಿರುಗುತ್ತದೆಯೇ ಎಂದು ನೆಲದ ಮೇಲೆ ಗೆರೆ ಎಳೆದು ನೋಡಿ.

ಪ್ರಶ್ನೆ: ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಕಾರುಗಳು ನಂಬರ್ ಪ್ಲೇಟ್ ಹಾಕಿಕೊಂಡೇ ಓಡುತ್ತವಲ್ಲ? ಹೊಸ ವ್ಯಾಪಾರ ಒಪ್ಪಂದದ ಲಾಭ ಪಡೆದು ಅಲ್ಲಿಂದ ಕೇಟರ್‌ಹ್ಯಾಮ್ ಕಂಪನಿಯ ಕಿಟ್ ತರಿಸಿದರೆ ಹೇಗೆ? (ಮುಲುಂಡ್, ಮುಂಬೈ)

ಉತ್ತರ: ಕಾಲಿನ್ ಚಾಪ್ಮನ್ ಅವರ ಲೋಟಸ್ ಸೆವೆನ್ 1957ರಲ್ಲಿ ಬಂದಾಗ ಬ್ರಿಟನ್ನಿನಲ್ಲಿ ಸಿದ್ಧ ಕಾರಿಗೆ ಖರೀದಿ ತೆರಿಗೆಯಿತ್ತು, ಬಿಡಿಭಾಗಗಳ ಕಟ್ಟಿಗೆ ಇರಲಿಲ್ಲ. ಜೋಡಿಸುವ ಕ್ರಮವನ್ನು ಬರೆದುಕೊಟ್ಟರೆ ತೆರಿಗೆ ಬೀಳುತ್ತದೆಂದು ಬಿಚ್ಚುವ ಕ್ರಮವನ್ನು ಅಚ್ಚುಹಾಕಿಸಿ ಕೊಟ್ಟರು, ಕೊಂಡವರು ಅದನ್ನು ಹಿಂದುಮುಂದಾಗಿ ಓದಿಕೊಂಡರು ಎಂಬ ಕಥೆ ಆ ವಲಯದಲ್ಲಿ ಪ್ರಸಿದ್ಧವಾಗಿದೆ. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದು ಆ ಲಾಭ ತಪ್ಪಿತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್‌ಗೆ ಹೋಯಿತು. ಹವ್ಯಾಸ ಮಾತ್ರ ಉಳಿಯಿತು, ಏಕೆಂದರೆ ಅಲ್ಲಿ ಒಂಟಿ ವಾಹನವನ್ನೇ ಪರೀಕ್ಷಿಸಿ ಒಪ್ಪಿಗೆ ಕೊಡುವ ವ್ಯವಸ್ಥೆಯಿದೆ. ಈಗಿನ ಐ.ವಿ.ಎ. ಪರೀಕ್ಷೆಯಲ್ಲಿ ದೀಪ, ಬ್ರೇಕ್, ಹೊಗೆ, ಸೀಟ್ ಬೆಲ್ಟಿನ ಕೊಕ್ಕೆಗಳಿಂದ ಹಿಡಿದು ಡ್ಯಾಶ್‌ಬೋರ್ಡಿನ ಚೂಪು ಅಂಚಿನವರೆಗೆ ನೋಡುತ್ತಾರೆ. ನಮ್ಮ ಸರ್ಕಾರ ಅನುಕರಿಸಬಹುದಾದ ಪದ್ಧತಿ ಇದು ಎಂದು ನನಗನ್ನಿಸುತ್ತದೆ. ಕದ್ದುಮುಚ್ಚಿ ಓಡುವ ಕಾರಿಗಿಂತ ಪರೀಕ್ಷೆಗೆ ಬಂದ ಕಾರು ಎಲ್ಲರಿಗೂ ಕ್ಷೇಮ.

ಇನ್ನು ಒಪ್ಪಂದದ ಮಾತು. 2025ರ ಜುಲೈನಲ್ಲಿ ಸಹಿಯಾದ ಒಪ್ಪಂದದಂತೆ ಕಾರುಗಳ ಸುಂಕ ಹಂತಹಂತವಾಗಿ ಶೇ. 10ಕ್ಕೆ ಇಳಿಯುವುದು ನಿಗದಿತ ಸಂಖ್ಯೆಯ ಮಿತಿಯೊಳಗೆ ಮಾತ್ರ. ಪೆಟ್ಟಿಗೆಗಳಲ್ಲಿ ಬಂದರೆ ಬಿಡಿಭಾಗವೆಂದು ಪಾರಾಗಬಹುದೆಂಬ ಲೆಕ್ಕಾಚಾರವೂ ನಿಲ್ಲುವುದಿಲ್ಲ: ಬಿಚ್ಚಿದ ರೂಪದಲ್ಲಿ ಒಟ್ಟಿಗೆ ಬಂದ ವಸ್ತುವನ್ನು ಪೂರ್ಣ ವಸ್ತುವೆಂದೇ ವರ್ಗೀಕರಿಸಬೇಕೆಂಬುದು ಕಸ್ಟಮ್ಸ್ ಸುಂಕಪಟ್ಟಿಯ ಮೂಲ ನಿಯಮಗಳಲ್ಲೊಂದು. ಸುಂಕ ಎಷ್ಟೇ ಇಳಿದರೂ 126ನೇ ನಿಯಮ ಇಳಿಯುವುದಿಲ್ಲ.

ಪ್ರಶ್ನೆ: ಅಲಿಬಾಗಿಗೆ ಹೋದಾಗ ಇದೇ ಸೆವೆನ್ ಮಾದರಿಯ ಕಾರನ್ನು ಕಂಡೆ. ಅದಕ್ಕೆ ಮಹಾರಾಷ್ಟ್ರದ ನಂಬರ್ ಪ್ಲೇಟ್ ಇತ್ತು! (ವಾಶಿ, ನವಿ ಮುಂಬೈ)

ಉತ್ತರ: ನೀವು ಕಂಡದ್ದು ಬಹುಶಃ ಅಲಿಬಾಗ್ ಬಳಿಯ ಚಿಂಕಾರಾ ಮೋಟರ್ಸ್‌ನ ರೋಡ್‌ಸ್ಟರ್ ಇರಬೇಕು. ಫೈಬರ್ ಬಾಡಿಯ ಆ ಕಾರಿಗೆ ಇಸುಜು 1.8 ಲೀಟರ್ ಎಂಜಿನ್ ಇತ್ತು. ಹಿಂದೂಸ್ತಾನ್ ಕಾಂಟೆಸ್ಸಾದಲ್ಲಿಯೂ ಅದೇ ಬಗೆಯ ಎಂಜಿನ್ ಇದ್ದುದನ್ನು ಹಿರಿಯ ಓದುಗರು ಬಲ್ಲರು. ಅದನ್ನು ಕಂಪನಿಯೊಂದು ತಯಾರಕನ ಹೊಣೆ ಹೊತ್ತು ಮಾರಿದ್ದರಿಂದ ಮನೆಯಲ್ಲಿ ಕಟ್ಟಿದ ಕಾರಿನ ಸಾಲಿಗೆ ಅದು ಸೇರುವುದಿಲ್ಲ. ಬೆಂಗಳೂರಿನ ಸ್ಯಾನ್ ಸಂಸ್ಥೆಯ ಎರಡು ಸೀಟಿನ ಫೈಬರ್ ಕಾರು ಸ್ಟಾರ್ಮ್ ಕೂಡ ಹಾಗೆಯೇ. ಇಂಥ ಕಾರನ್ನು ಹಳೆಯದಾಗಿ ಕೊಳ್ಳುವವರು ಆರ್.ಸಿ.ಯಲ್ಲಿ ತಯಾರಕರ ಹೆಸರು ಏನಿದೆ ಎಂಬುದನ್ನು ಮೊದಲು ನೋಡಬೇಕು. ಕಣ್ಣೆದುರಿಗೆ ರೋಡ್‌ಸ್ಟರ್ ನಿಂತಿದ್ದು ಕಾಗದದಲ್ಲಿ ಜೀಪ್ ಎಂದಿದ್ದರೆ ಮುಂಗಡ ಕೊಡಬೇಡಿ.

ಪ್ರಶ್ನೆ: ಶೇ. 20 ಎಥನಾಲ್ ಇರುವ ಪೆಟ್ರೋಲಿನ ಬಗ್ಗೆ ನಮ್ಮ ಗೆಳೆಯರ ಬಳಗದಲ್ಲಿ ಪ್ರತಿ ಭಾನುವಾರ ಜಗಳ. ಕಾರ್ಬ್ಯುರೇಟರ್ ಇರುವ, ಫೈಬರ್ ಟ್ಯಾಂಕಿನ ನನ್ನ ಕಾರಿಗೆ ಅದು ಹಾನಿಕರವೇ? (ವಾಸ್ಕೊ, ಗೋವಾ)

ಉತ್ತರ: ನಿಮ್ಮ ಕಾರಿಗಂತೂ ಹೌದು. ಇ20 ವಿರುದ್ಧದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ವಜಾ ಮಾಡಿದ್ದರಿಂದ ಬಂಕಿನಲ್ಲಿ ಸಿಗುವುದನ್ನೇ ಬಳಸಬೇಕಾಗಿದೆ. ಎಥನಾಲಿನಿಂದ ಕಬ್ಬು ಬೆಳೆಗಾರರಿಗೆ ಬರುವ ವರಮಾನ, ಉಳಿಯುವ ವಿದೇಶಿ ವಿನಿಮಯ ಇವೆಲ್ಲ ನಿಜವೇ ಆದರೂ, ಹಳೆಯ ವಾಹನಗಳವರಿಗೆ ಬೇರೆ ಆಯ್ಕೆಯನ್ನು ಉಳಿಸದೆ ಹೋದದ್ದು ನ್ಯಾಯವಲ್ಲ ಎಂಬ ನಿಮ್ಮ ಬಳಗದ ದೂರಿನಲ್ಲಿ ಹುರುಳಿದೆ.

ಮೊದಲು ಟ್ಯಾಂಕನ್ನು ಗಮನಿಸಿ. ಹಳೆಯ ಪಾಲಿಯೆಸ್ಟರ್ ರೆಸಿನ್ನಿನ ಫೈಬರ್ ಟ್ಯಾಂಕನ್ನು ಎಥನಾಲ್ ಮೆತ್ತಗಾಗಿಸುತ್ತದೆ. ಕರಗಿ ಬಂದ ರೆಸಿನ್ ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಹಾಯುವ ಸಣ್ಣ ರಂಧ್ರಗಳಾದ ಜೆಟ್‌ಗಳಲ್ಲಿಯೂ ಇನ್‌ಟೇಕ್ ವಾಲ್ವಿನ ಕಾಂಡದ ಮೇಲೆಯೂ ಅಂಟಿನಂತೆ ಕೂರುತ್ತದೆ. ಒಳಗೆ ಲೇಪ ಕೊಡಿಸುವ ಗೋಜಿಗೆ ಹೋಗದೆ ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಟ್ಯಾಂಕ್ ಮಾಡಿಸಿ. ಮಾಮೂಲು ರಬ್ಬರ್ ಪೈಪುಗಳು ಉಬ್ಬಿ ಬಿರಿಯುವುದರಿಂದ ಎಥನಾಲ್ ತಡೆಯುವ ವೈಟಾನ್ ಒಳಪದರದ ಪೈಪುಗಳನ್ನೇ ಕೇಳಿ ತನ್ನಿ. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಗಾಳಿ ಮತ್ತು ಇಂಧನದ ಮಿಶ್ರಣದಲ್ಲಿ ಇಂಧನದ ಪಾಲು ಸಾಲದಾಗಿ ಎಂಜಿನ್ ಕಾಯುತ್ತದೆ. ಇಂಜೆಕ್ಷನ್ ಇರುವ ಕಾರುಗಳು ತಾವೇ ಸರಿಪಡಿಸಿಕೊಳ್ಳುತ್ತವೆ, ನಿಮ್ಮದರಲ್ಲಿ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕಿ ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಬೇಕು. ಅದು ಬಿಳಿಚಿಕೊಂಡಿದ್ದರೆ ಇನ್ನೂ ಸಾಲದು, ತಿಳಿಗಂದು ಬಣ್ಣಕ್ಕೆ ಬಂದರೆ ಸರಿಹೋಯಿತು. ಲೀಟರಿಗೆ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆಯಿರುವುದರಿಂದ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಗೋವಾದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬ್ಯುರೇಟರಿನ ಬೌಲನ್ನೂ ಬರಿದು ಮಾಡಿ. ಎಥನಾಲ್ ಗಾಳಿಯ ತೇವವನ್ನು ಹೀರಿ, ಕೊನೆಗೆ ನೀರಿನೊಡನೆ ಬೇರ್ಪಟ್ಟು ತಳಕ್ಕಿಳಿಯುತ್ತದೆ.

ಪ್ರಶ್ನೆ: ಹಳೆಯ ಚಾಸಿಯ ಮೇಲೆ ಹೊಸ ಬಾಡಿ ಕಟ್ಟಿ ವಿಂಟೇಜ್ ಎಂದು ನೋಂದಾಯಿಸಬಹುದೇ? (ಠಾಣೆ)

ಉತ್ತರ: ಸಾಧ್ಯವಿಲ್ಲ. 2021ರ ನಿಯಮದಂತೆ ವಾಹನಕ್ಕೆ 50 ವರ್ಷ ಮೀರಿರಬೇಕು. ಜೊತೆಗೆ ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಾಗದೆ ಮೂಲರೂಪದಲ್ಲಿಯೇ ಇರಬೇಕು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ.

ಪ್ರಶ್ನೆ: ನಮ್ಮ ಯಜಮಾನರು ಸೊಸೈಟಿಯ ಪಾರ್ಕಿಂಗಿನಲ್ಲಿಯೇ ಕಾರಿನ ಫೈಬರ್ ಬಾಡಿ ಮಾಡಲು ಹೊರಟಿದ್ದಾರೆ. ಕಮಿಟಿಯವರು ದಿನವೂ ಬಾಗಿಲು ತಟ್ಟುತ್ತಾರೆ. ನೀವಾದರೂ ಬುದ್ಧಿ ಹೇಳಿ. (ಡೊಂಬಿವಲಿ)

ಉತ್ತರ: ಈ ವಿಷಯದಲ್ಲಿ ನಾನು ಕಮಿಟಿಯ ಪರ, ತಾಯಿ. ರೆಸಿನ್ನಿನಿಂದ ಏಳುವ ಸ್ಟೈರೀನ್ ಆವಿ ಮೆಟ್ಟಿಲ ಹಾದಿಯಲ್ಲಿ ಏರಿ ಮನೆಮನೆಗೂ ತಲುಪುತ್ತದೆ, ಮೇಲಾಗಿ ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ. ಗಟ್ಟಿಯಾಗಿಸಲು ಬಳಸುವ ಹಾರ್ಡನರನ್ನೂ ಕೋಬಾಲ್ಟ್ ಆಕ್ಸಿಲರೇಟರನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸಿಡಿಯುವ ಅಪಾಯವಿದೆ. ಒಂದನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದನ್ನು ಹಾಕಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಜಿನ ಮ್ಯಾಟ್ ತೇವ ಹೀರುವುದರಿಂದ ಬಾಡಿ ಹೇಗೂ ಸರಿಯಾಗಿ ಬರುವುದಿಲ್ಲ. ಎಂ.ಐ.ಡಿ.ಸಿ. ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ಗಾಳಾ (ಕೆಲಸದ ಮಳಿಗೆ) ಬಾಡಿಗೆಗೆ ಹಿಡಿದು, ದೀಪಾವಳಿಯ ನಂತರ ಕೆಲಸ ಶುರು ಮಾಡಲು ಅವರಿಗೆ ತಿಳಿಸಿ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿ. ರಸ್ತೆಗೆ ಇಳಿಸಲಾಗದ ಕಾರನ್ನು ಕಟ್ಟಿ ಎಲ್ಲಿ ಓಡಿಸುವುದು? (ನಿಗಡಿ, ಪುಣೆ)

ಉತ್ತರ: ಸ್ವಂತ ಹಣ ಹಾಕುವ ಮುನ್ನ ನಿಮ್ಮ ಕಾಲೇಜಿನ ತಂಡವನ್ನು ಸೇರಿ. 2007ರಿಂದ ನಡೆಯುತ್ತಿರುವ ಬಾಹಾ, ಆಮೇಲೆ ಬಂದ ಫಾರ್ಮುಲಾ ಭಾರತ್‌ನಂಥ ಸ್ಪರ್ಧೆಗಳಲ್ಲಿ ವಿದ್ಯಾರ್ಥಿಗಳೇ ಚೌಕಟ್ಟಿನಿಂದ ಹಿಡಿದು ಎಲ್ಲವನ್ನೂ ಕಟ್ಟುತ್ತಾರೆ. ಅಲ್ಲಿ ಪರೀಕ್ಷಕರ ಮುಂದೆ ಪ್ರತಿ ಬೋಲ್ಟಿಗೂ ಕಾರಣ ಕೊಡಬೇಕಾಗುತ್ತದೆ. ಸ್ವಂತ ಕಾರಿಗಾದರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗಳಿವೆ. ಹತ್ತಿರದಲ್ಲಿ ಲೋಣಾವಳದಾಚೆ ಆಂಬಿ ವ್ಯಾಲಿಯ ರನ್‌ವೇಯಲ್ಲಿ ನೇರ ಓಟದ ಸ್ಪರ್ಧೆಗಳು ನಡೆದಿವೆ. ಸ್ಪರ್ಧೆಯ ನಿಯಮಾವಳಿಯನ್ನು ಮೊದಲು ತರಿಸಿಕೊಂಡು, ಕಾರು ಮಗುಚಿದಾಗ ಚಾಲಕನನ್ನು ಕಾಪಾಡುವ ರೋಲ್ ಕೇಜಿನ ಕೊಳವೆಯ ವ್ಯಾಸ ಮತ್ತು ದಪ್ಪ, ಎಂಜಿನ್ನನ್ನು ಹೊರಗಿನಿಂದಲೂ ನಿಲ್ಲಿಸಬಲ್ಲ ಕಿಲ್ ಸ್ವಿಚ್, ಬೆಂಕಿ ಆರಿಸುವ ಸಿಲಿಂಡರಿನ ಜಾಗ ಇವುಗಳನ್ನು ನಕ್ಷೆಯಲ್ಲಿಯೇ ಗುರುತಿಸಿಕೊಳ್ಳಿ, ಏಕೆಂದರೆ ಬಾಡಿ ಕೂರಿಸಿದ ಮೇಲೆ ಕೇಜ್ ತೂರಿಸಲು ಎಡೆಯಿರುವುದಿಲ್ಲ. ನೋಂದಣಿಯಿಲ್ಲದ ಕಾರನ್ನು ಟ್ರ್ಯಾಕಿಗೆ ಟ್ರೇಲರಿನಲ್ಲಿ ಅಥವಾ ಟೆಂಪೊದಲ್ಲಿಯೇ ಸಾಗಿಸಬೇಕು, ಆದ್ದರಿಂದ ಅದರ ಅಗಲವನ್ನು ನಿರ್ಧರಿಸುವ ಮೊದಲು ನಿಮಗೆ ಬಾಡಿಗೆಗೆ ಸಿಗುವ ಟೆಂಪೊದ ಹಾಸನ್ನು ಅಳೆದಿಟ್ಟುಕೊಳ್ಳಿ.