ಸ್ಕೋರರಣ್ಣನ ಕಟ್ಟೆ: 26ಕ್ಕೆ ಆಲೌಟ್ ಆದವರು ಮತ್ತು ನಾವು

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ, ಟೆಸ್ಟ್ ಕ್ರಿಕೆಟ್‌ನಲ್ಲಿ ಡಿವಿಷನ್. ಉಳಿದವು ಎಲ್‌ಬಿಡಬ್ಲ್ಯೂ ಬಗ್ಗೆ. ಅವನ್ನು ಮುಂದಿನ ಸಲ ನೋಡೋಣ. ಹೊಸ ಓದುಗರಿಗೆ ಒಂದು ಮಾತು. ವಾರವಿಡೀ ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಂದು ಅಡಿಕೆ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಭಾನುವಾರ ನಮ್ಮ ಕ್ಲಬ್ಬಿನ ಸ್ಕೋರ್ ಬರೆಯುತ್ತೇನೆ, 24 ವರ್ಷವಾಯಿತು. ಬ್ಯಾಟಿಂಗ್ ಹೇಗೆ ಮಾಡಬೇಕು ಅಂತ ಮಾತ್ರ ಕೇಳಬೇಡಿ. ನನ್ನ ಅತಿ ಹೆಚ್ಚು ರನ್ 11.

ಟೆಸ್ಟ್‌ನಲ್ಲಿ ಎರಡು ಡಿವಿಷನ್ ಅಂತ ಆಗಾಗ ಸುದ್ದಿ ಬರುತ್ತದೆ. ಅದು ಬಂತಾ, ಬರುತ್ತದಾ? (ಪೆರ್ಲದ ಓದುಗರು)

ಬಂದಿಲ್ಲ. ಮಾತು ಮಾತ್ರ ಬಹಳ ಹಳೆಯದು. 2016ರಲ್ಲಿ ಐಸಿಸಿ, ಅಂದರೆ ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ, ಮೇಲೆ 7 ತಂಡ, ಕೆಳಗೆ 5 ತಂಡ ಅಂತ ಒಂದು ಯೋಜನೆ ಮುಂದಿಟ್ಟಿತು. ಕೆಳಗೆ ಗೆದ್ದವರು ಮೇಲೆ, ಮೇಲೆ ಸೋತವರು ಕೆಳಗೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶ, ಜಿಂಬಾಬ್ವೆ ಒಪ್ಪಲಿಲ್ಲ. ಯೋಜನೆ ಅಲ್ಲಿಗೇ ಬಿತ್ತು. 2025ರ ಜುಲೈಯಲ್ಲಿ ಸಿಂಗಾಪುರದ ಸಭೆಯ ಹೊತ್ತಿಗೆ ಮತ್ತೆ ಎದ್ದಿತು. ನ್ಯೂಜಿಲೆಂಡಿನ ಹಳೇ ಆಟಗಾರ ರೋಜರ್ ಟೂಸ್ ಅವರ ಮುಂದಾಳತ್ವದಲ್ಲಿ ಇದನ್ನು ನೋಡಲು ಒಂದು ಸಮಿತಿಯೂ ಕೂತಿತು. ನವೆಂಬರ್ ಹೊತ್ತಿಗೆ, ಎರಡು ಡಿವಿಷನ್ ಬೇಡ, 12 ದೇಶಗಳನ್ನೂ ಸೇರಿಸಿ ಒಂದೇ ಚಾಂಪಿಯನ್‌ಶಿಪ್ ಮಾಡೋಣ ಎಂಬ ಮಾತು ಮುಂದೆ ಬಂದ ಸುದ್ದಿ ಓದಿದೆವು.

ಒಂದು ವಿಷಯ ಗಮನಿಸಿ. ಟೆಸ್ಟ್ ಮಾನ್ಯತೆ ಇರುವುದು 12 ದೇಶಗಳಿಗೆ. 2019ರಲ್ಲಿ ಶುರುವಾದ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್‌ನಲ್ಲಿ ಆಡುತ್ತಾ ಬಂದದ್ದು 9. ಜಿಂಬಾಬ್ವೆ, ಐರ್ಲೆಂಡ್, ಅಫ್ಘಾನಿಸ್ತಾನ ಹೊರಗೆ. ಎರಡನೇ ಡಿವಿಷನ್ ಈಗಲೂ ಇದೆ ಅಂತಾಯ್ತು, ಅಲ್ವಾ? ಅದಕ್ಕೆ ಹೆಸರಿಲ್ಲ, ಮೇಲೆ ಹತ್ತಲು ಮೆಟ್ಟಿಲೂ ಇಲ್ಲ.

ವೆಸ್ಟ್ ಇಂಡೀಸ್ 27ಕ್ಕೆ ಆಲೌಟ್ ಆಯಿತು. ಇಂಥ ತಂಡ ಆಸ್ಟ್ರೇಲಿಯಾದ ಎದುರು ಯಾಕೆ ಆಡಬೇಕು? ಕೆಳಗೆ ಇಳಿಸಿದರೆ ನೋಡುವವರಿಗೂ ಒಳ್ಳೆಯದಲ್ಲವೇ? (ನೀರ್ಚಾಲಿನ ಕಾಲೇಜು ವಿದ್ಯಾರ್ಥಿ)

ತಮ್ಮಾ, ಆ ಸ್ಕೋರ್ ನೋಡಿ ನನಗೂ ಹೊಟ್ಟೆ ಉರಿಯಿತು. 2025ರ ಜುಲೈ, ಕಿಂಗ್‌ಸ್ಟನ್. ಆಸ್ಟ್ರೇಲಿಯಾದ ಮಿಚೆಲ್ ಸ್ಟಾರ್ಕ್ 9 ರನ್ ಕೊಟ್ಟು 6 ವಿಕೆಟ್. ಸ್ಕೋರ್ ಪುಸ್ತಕದ ಒಂದು ಪುಟದಲ್ಲಿ ಅರ್ಧವೂ ತುಂಬದ ಇನಿಂಗ್ಸ್ ಅದು.

ಆದರೆ 27 ಟೆಸ್ಟ್‌ನ ಅತಿ ಕಡಿಮೆ ಮೊತ್ತ ಅಲ್ಲ. 26 ಇದೆ. 1955ರಲ್ಲಿ ಆಕ್ಲೆಂಡ್‌ನಲ್ಲಿ ಇಂಗ್ಲೆಂಡ್ ಎದುರು ನ್ಯೂಜಿಲೆಂಡ್ ಮಾಡಿದ್ದು. ಆಗ ಅವರು ಟೆಸ್ಟ್ ಆಡಲು ಶುರು ಮಾಡಿ 25 ವರ್ಷ ಕಳೆದಿತ್ತು, ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ನೀವು ಹೇಳುವ ನಿಯಮ ಆಗ ಇದ್ದಿದ್ದರೆ ಅವರನ್ನು ಮೊದಲ ದಿನವೇ ಇಳಿಸುತ್ತಿದ್ದರು. ಮರುವರ್ಷ ಏನಾಯಿತು ಗೊತ್ತಾ? ಅದೇ ಆಕ್ಲೆಂಡ್ ಮೈದಾನದಲ್ಲಿ ಅವರು ಮೊದಲ ಟೆಸ್ಟ್ ಗೆದ್ದರು. ಎದುರಿಗೆ ಇದ್ದದ್ದು ವೆಸ್ಟ್ ಇಂಡೀಸ್! ಅದೇ ನ್ಯೂಜಿಲೆಂಡ್ 2021ರಲ್ಲಿ ನಮ್ಮನ್ನು ಸೋಲಿಸಿ ಮೊದಲ ವಿಶ್ವ ಟೆಸ್ಟ್ ಚಾಂಪಿಯನ್ ಆಯಿತು. 2024ರಲ್ಲಿ ನಮ್ಮಲ್ಲಿಗೇ ಬಂದು ಬೆಂಗಳೂರಿನಲ್ಲಿ ನಮ್ಮನ್ನು 46ಕ್ಕೆ ಕಟ್ಟಿ, ಸರಣಿಯನ್ನು 3-0 ಗೆದ್ದು ಹೋಯಿತು. ನಾವೂ ಶುರುವಿನಲ್ಲಿ ಹಾಗೇ ಇದ್ದೆವು. 1932ರಲ್ಲಿ ಮೊದಲ ಟೆಸ್ಟ್, ಮೊದಲ ಗೆಲುವು 1952ರಲ್ಲಿ, ಮದ್ರಾಸಿನಲ್ಲಿ.

ಹಾಗಂತ ಡಿವಿಷನ್ ಎಂದರೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅಫ್ಘಾನಿಸ್ತಾನ ಮೇಲೆ ಬಂದದ್ದೇ ಡಿವಿಷನ್‌ಗಳಿಂದ. 2008ರಲ್ಲಿ ಜರ್ಸಿ ಎಂಬ ಪುಟ್ಟ ದ್ವೀಪದಲ್ಲಿ ವರ್ಲ್ಡ್ ಕ್ರಿಕೆಟ್ ಲೀಗಿನ ಐದನೇ ಡಿವಿಷನ್. ಆಮೇಲೆ ನಾಲ್ಕು, ಮೂರು. 2018ರಲ್ಲಿ ಬೆಂಗಳೂರಿನಲ್ಲಿ ಮೊದಲ ಟೆಸ್ಟ್. ಅದನ್ನು ಎರಡೇ ದಿನದಲ್ಲಿ ಸೋತರು, ಸರಿ. ಮರುವರ್ಷ ಚಟ್ಟೋಗ್ರಾಮದಲ್ಲಿ ಬಾಂಗ್ಲಾದೇಶವನ್ನು ಅವರ ನೆಲದಲ್ಲೇ ಸೋಲಿಸಿದರು. ಕೆಳಗಿನಿಂದ ಮೇಲೆ ಬರುವವನಿಗೆ ಡಿವಿಷನ್ ದಾರಿ ತೋರಿಸುತ್ತದೆ.

ಮೇಲಿನಿಂದ ಬೀಳುವವನಿಗೆ ಏನಾಗುತ್ತದೆ ಎಂಬುದೇ ಬೇರೆ ಲೆಕ್ಕ. ಎರಡು ದೇಶಗಳ ಸರಣಿಯಲ್ಲಿ ಟಿವಿ ಹಕ್ಕು ಮಾರುವುದು ಆತಿಥೇಯ ಮಂಡಳಿ. ದುಡ್ಡೂ ಅದಕ್ಕೇ. ಭಾರತ ಬಂದರೆ ಆ ವರ್ಷ ಮನೆಯಲ್ಲಿ ಹಬ್ಬ. ವೆಸ್ಟ್ ಇಂಡೀಸ್ ಎರಡನೇ ಡಿವಿಷನ್‌ಗೆ ಇಳಿದು, ಭಾರತ, ಇಂಗ್ಲೆಂಡ್, ಆಸ್ಟ್ರೇಲಿಯಾ ಅಲ್ಲಿಗೆ ಟೆಸ್ಟ್ ಆಡಲು ಹೋಗದಿದ್ದರೆ ಆ ದುಡ್ಡು ಇಲ್ಲ. ದುಡ್ಡಿಲ್ಲದಿದ್ದರೆ ಪಿಚ್ ಇಲ್ಲ, ಕೋಚ್ ಇಲ್ಲ, ಹುಡುಗರಿಗೆ ಸಂಬಳ ಇಲ್ಲ. ಅವರ ನಿಕೋಲಸ್ ಪೂರನ್ 29ನೇ ವಯಸ್ಸಿಗೇ ಅಂತಾರಾಷ್ಟ್ರೀಯ ಕ್ರಿಕೆಟ್‌ಗೆ ಕೈಮುಗಿದರು, ಒಂದು ಟೆಸ್ಟ್ ಕೂಡ ಆಡದೆ. ಈಗಲೇ ಹೀಗೆ. ಇನ್ನು ಐಸಿಸಿಯ ಗಳಿಕೆಯಲ್ಲಿ ಶೇಕಡಾ 38ಕ್ಕಿಂತ ಜಾಸ್ತಿ ನಮ್ಮ ಮಂಡಳಿಗೇ ಬರುತ್ತದೆ. ಉಳಿದದ್ದು ಹಂಚಿ ತಿನ್ನಬೇಕು.

ನಮ್ಮ ಅಂಗಡಿಯಲ್ಲಿ ಹೊಸ ಚಾಲಿಯನ್ನು (ಒಣಗಿಸಿ ಸುಲಿದ ಅಡಿಕೆ) ಒಂದು ವರ್ಷ ಗೋಣಿಯಲ್ಲಿ ಜೋಪಾನವಾಗಿ ಇಟ್ಟರೆ ಹಳತಾಗುತ್ತದೆ, ದರ ಏರುತ್ತದೆ. ಕೋಕ, ಅಂದರೆ ಕೆಟ್ಟ ಅಡಿಕೆ, ಅಂತ ಬೇರೆ ರಾಶಿಗೆ ಹಾಕಿದ್ದನ್ನು ಎಷ್ಟು ವರ್ಷ ಇಟ್ಟರೂ ಕೋಕವೇ. ನನ್ನ ಹೆದರಿಕೆ ಇಷ್ಟೇ: ವೆಸ್ಟ್ ಇಂಡೀಸನ್ನು ಯಾವ ರಾಶಿಗೆ ಹಾಕುತ್ತಾರೆ? 1980ರಿಂದ 1995ರ ತನಕ ಒಂದು ಟೆಸ್ಟ್ ಸರಣಿಯನ್ನೂ ಸೋಲದವರು ಅವರು. 2024ರ ಜನವರಿಯಲ್ಲಿ ಬ್ರಿಸ್ಬೇನಿನ ಗಾಬಾ ಮೈದಾನದಲ್ಲಿ ಆಸ್ಟ್ರೇಲಿಯಾವನ್ನು 8 ರನ್‌ಗಳಿಂದ ಸೋಲಿಸಿದವರೂ ಅವರೇ. ಕಾಲ್ಬೆರಳಿಗೆ ಪೆಟ್ಟಾಗಿದ್ದ ಶಮರ್ ಜೋಸೆಫ್ ಅಂದು 7 ವಿಕೆಟ್ ತೆಗೆದ. ಎರಡನೇ ಡಿವಿಷನ್‌ನಲ್ಲಿ ಇದ್ದಿದ್ದರೆ ಆ ಹುಡುಗ ಗಾಬಾ ನೋಡುತ್ತಿದ್ದನಾ?

ಇಳಿಸುವುದಾದರೆ ಇಳಿಸಲಿ. ಆದರೆ ಇಳಿದ ತಂಡಕ್ಕೆ ವರ್ಷಕ್ಕೆ ಒಂದಾದರೂ ಸರಣಿ ಮೇಲಿನವರ ಜತೆ, ಅದೂ ತನ್ನ ಮನೆಯಲ್ಲಿ ಅಂತ ಮೊದಲು ಬರೆದು ಕೊಡಲಿ.

ಭಾರತವೇ ಎರಡನೇ ಡಿವಿಷನ್‌ಗೆ ಹೋದರೆ? (ಉಪ್ಪಳದ ಓದುಗರು)

ನಿಯಮ ಅದೇ ದಿನ ಬದಲಾಗುತ್ತದೆ. ತಮಾಷೆ ಅಲ್ಲ. ಇಂಗ್ಲೆಂಡ್ ಮಂಡಳಿಯ ಅಧ್ಯಕ್ಷರೇ 2025ರಲ್ಲಿ, ನಮಗೆ ಕೆಟ್ಟ ಕಾಲ ಬಂದು ನಾವೇ ಇಳಿದರೆ ಆಸ್ಟ್ರೇಲಿಯಾ, ಭಾರತದ ಎದುರು ಆಡಲಿಕ್ಕಿಲ್ಲವಾ ಅಂತ ಬಾಯಿಬಿಟ್ಟು ಹೇಳಿದ್ದರು. ನಮಗೂ ಕೆಟ್ಟ ಕಾಲ ದೂರ ಇಲ್ಲ. 2025ರ ನವೆಂಬರ್‌ನಲ್ಲಿ ಗುವಾಹಟಿಯಲ್ಲಿ ದಕ್ಷಿಣ ಆಫ್ರಿಕಾ ಎದುರು 408 ರನ್ ಸೋಲು. ಅದೇ ದಕ್ಷಿಣ ಆಫ್ರಿಕಾ 2024ರ ಶುರುವಿನಲ್ಲಿ, ಮುಖ್ಯ ಆಟಗಾರರು ಟಿ20 ಲೀಗಿನಲ್ಲಿದ್ದ ಕಾರಣ, ಟೆಸ್ಟೇ ಆಡದ ನಾಯಕನನ್ನು ನ್ಯೂಜಿಲೆಂಡಿಗೆ ಕಳಿಸಿ ಸೋತು ಬಂದಿತ್ತು. ಮರುವರ್ಷ ಲಾರ್ಡ್ಸ್‌ನಲ್ಲಿ ವಿಶ್ವ ಟೆಸ್ಟ್ ಚಾಂಪಿಯನ್.

ನನ್ನ ಮಗನಿಗೆ 16. ಅವನ ಕ್ಲಬ್ಬು ಜಿಲ್ಲಾ ಲೀಗಿನಲ್ಲಿ ಕೆಳಗಿನ ಡಿವಿಷನ್‌ಗೆ ಇಳಿಯಿತು. ಸರಿಯಾಗಿ ಊಟ ಮಾಡುವುದಿಲ್ಲ. ಕ್ಲಬ್ಬು ಬದಲಿಸುತ್ತೇನೆ ಅನ್ನುತ್ತಾನೆ. ಬಿಡಬೇಕಾ? (ಮಂಜೇಶ್ವರದ ಒಬ್ಬ ತಾಯಿ)

ಅಕ್ಕಾ, ಈ ಪ್ರಶ್ನೆಗೆ ಉತ್ತರ ಹೇಳಲು ಜಿಲ್ಲೆಯಲ್ಲಿ ನನಗಿಂತ ಯೋಗ್ಯ ಮನುಷ್ಯ ಸಿಗಲಿಕ್ಕಿಲ್ಲ. ನಮ್ಮ ಕ್ಲಬ್ಬು ಎ ಡಿವಿಷನ್‌ನಿಂದ ಇಳಿದದ್ದು ನನ್ನಿಂದ.

ಕೊನೆಯ ಪಂದ್ಯ, 30 ಓವರ್. ಗೆದ್ದರೆ ಉಳಿಯುತ್ತೇವೆ. ಎದುರಿನವರು ಬ್ಯಾಟಿಂಗ್ ಮಾಡುವಾಗ ಒಂದು ವೈಡ್ ಬಾಲಿಗೆ ಒಂದು ರನ್ ಓಡಿದರು. ವೈಡ್‌ಗೆ ಒಂದು, ಓಡಿದ್ದಕ್ಕೆ ಒಂದು, ಎರಡು ಬರೆಯಬೇಕಿತ್ತು. ನಾನು ಒಂದು ಬರೆದೆ. ಇನಿಂಗ್ಸ್ ಮುಗಿದ ಮೇಲೆ ಎರಡೂ ತಂಡದ ಸ್ಕೋರ್ ಪುಸ್ತಕ ತಾಳೆ ನೋಡಬೇಕು. ಗುಡ್ಡೆಯ ಆಚೆ ಮೋಡ ಕಟ್ಟಿತ್ತು, ಎಲ್ಲರಿಗೂ ಅವಸರ, ನೋಡಲಿಲ್ಲ. ಅವರದ್ದು 143, ನನ್ನ ಪುಸ್ತಕದಲ್ಲಿ 142. ನಮ್ಮ ಹುಡುಗರು 143 ಮಾಡಿ ಬ್ಯಾಟ್ ಎತ್ತಿ ಕುಣಿದರು. ಇನ್ನೂ ಒಂದು ಬಾಲ್ ಇತ್ತು. ಅಂಪೈರ್ ಎರಡೂ ಪುಸ್ತಕ ತರಿಸಿದರು, ನೋಡಿದರು, ಹುಡುಗನನ್ನು ವಾಪಸ್ ಕರೆದರು. ಅವನ ಕೈ ನಡುಗುತ್ತಿತ್ತು. ಬೌಲ್ಡ್. ಪಂದ್ಯ ಟೈ, ಅಂಕ ಹಂಚಿಕೆ, ನಾವು ಬಿ ಡಿವಿಷನ್.

ಮೂರು ದಿನ ನಾನೂ ಊಟ ಮಾಡಲಿಲ್ಲ. ಆಮೇಲೆ ಹಸಿವಾಯಿತು.

ಬಿಯಲ್ಲಿ ಏನಾಯಿತು? ನಮ್ಮ ಒಳ್ಳೆಯ ಫಾಸ್ಟ್ ಬೌಲರ್ ಮತ್ತು ಓಪನರ್ ಇಬ್ಬರೂ ಬೇರೆ ಎ ಡಿವಿಷನ್ ಕ್ಲಬ್ಬಿಗೆ ಹೋದರು. ಅವರ ಮೇಲೆ ಸಿಟ್ಟಿಲ್ಲ. ಆದರೆ ಪಂದ್ಯಗಳ ಸಂಖ್ಯೆ ಕಡಿಮೆಯಾಗಲಿಲ್ಲ. ಅದೇ ಮ್ಯಾಟ್, ಅದೇ ಬಾಲ್, ಅದೇ ಅಂಪೈರ್‌ಗಳು. ಅಲ್ಲಿಯ ತನಕ ನೀರಿನ ಬಾಟಲಿ ಹೊರುತ್ತಿದ್ದ ಇಬ್ಬರು ಹುಡುಗರು ಓಪನಿಂಗ್ ಇಳಿದರು. ಮೊದಲ ನಾಲ್ಕು ಪಂದ್ಯ ಏನೂ ಮಾಡಲಿಲ್ಲ. ಐದನೆಯದರಲ್ಲಿ ಒಬ್ಬ 60 ಹೊಡೆದ. ಎರಡು ವರ್ಷಕ್ಕೆ ಮತ್ತೆ ಎ ಡಿವಿಷನ್‌ಗೆ ಬಂದೆವು. ಟೆಸ್ಟ್ ಕ್ರಿಕೆಟ್‌ಗೂ ನಮ್ಮ ಲೀಗಿಗೂ ಇರುವ ವ್ಯತ್ಯಾಸ ಇದೇ: ಇಳಿದರೂ ನಮಗೆ ಯಾರೂ ಪಂದ್ಯ ಕಡಿಮೆ ಕೊಡಲಿಲ್ಲ.

ನಿಮ್ಮ ಮಗನಿಗೆ ಹೇಳಿ, ಈ ಒಂದು ವರ್ಷ ಇರಲಿ. ದೊಡ್ಡವರು ಬಿಟ್ಟು ಹೋದ ಕಡೆ ಜಾಗ ಖಾಲಿ ಇರುತ್ತದೆ, ಏಳನೇ ನಂಬರಿನವನು ಮೂರನೇ ನಂಬರಿಗೆ ಬರುತ್ತಾನೆ. ಮುಂದಿನ ವರ್ಷವೂ ಬದಲಿಸಬೇಕು ಅನಿಸಿದರೆ ಬದಲಿಸಲಿ. ಊಟಕ್ಕೆ ನೀವು ಕರೆಯಬೇಡಿ. ಒಳ್ಳೆ ಮೀನು ಸಾರು ಮಾಡಿ ಸುಮ್ನೆ ಕೂತುಕೊಳ್ಳಿ.

ನಾವು ಕಾಸರಗೋಡಿನ ಕನ್ನಡಿಗರು ರಣಜಿಯಲ್ಲಿ ಕರ್ನಾಟಕದ ಪರವಾ, ಕೇರಳದ ಪರವಾ? (ಮುಳ್ಳೇರಿಯದ ಓದುಗರು)

ಜಗಳ ಹಚ್ಚುವ ಪ್ರಶ್ನೆ! ರಣಜಿಯಲ್ಲೂ ಮೇಲೆ ಎಲೈಟ್, ಕೆಳಗೆ ಪ್ಲೇಟ್ ಅಂತ ಡಿವಿಷನ್ ಇದೆ. ಗೋವಾ ಪ್ಲೇಟ್‌ಗೆ ಇಳಿದು, 2024-25ರಲ್ಲಿ ಅಲ್ಲಿ ಗೆದ್ದು ಮತ್ತೆ ಮೇಲೆ ಬಂತು. ಅದು ಸುಲಭ, ಯಾಕೆಂದರೆ ಎಲ್ಲರಿಗೂ ದುಡ್ಡು ಬರುವುದು ಒಂದೇ ಮಂಡಳಿಯಿಂದ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೆಸರಿನಲ್ಲೇ ನಮ್ಮ ಕುಂಬಳೆಯನ್ನು ಹೊತ್ತ ಅನಿಲ್ ಕುಂಬ್ಳೆ ಆಡುವಷ್ಟು ಕಾಲ ನನಗೆ ಸಂಶಯವೇ ಇರಲಿಲ್ಲ, ಕರ್ನಾಟಕ. ಆದರೆ 2025ರ ಫೆಬ್ರವರಿಯಲ್ಲಿ ಅಹಮದಾಬಾದಿನ ಸೆಮಿಫೈನಲ್‌ನಲ್ಲಿ ನಮ್ಮ ತಳಂಗರೆಯ ಮೊಹಮ್ಮದ್ ಅಜರುದ್ದೀನ್ ಔಟಾಗದೆ 177 ಹೊಡೆದ. ಕೇರಳ 457. ಕೊನೆಯ ದಿನ ಗುಜರಾತ್ 455ಕ್ಕೆ ಬಂದಿತ್ತು, ಕೈಯಲ್ಲಿ ಒಂದು ವಿಕೆಟ್. ನಾಗವಾಸ್ವಾಲಾ ಹೊಡೆದ ಬಾಲ್ ಶಾರ್ಟ್ ಲೆಗ್‌ನಲ್ಲಿದ್ದ ಸಲ್ಮಾನ್ ನಿಜಾರ್ ಅವರ ಹೆಲ್ಮೆಟ್‌ಗೆ ಬಡಿದು ಮೇಲೆ ಹಾರಿ ಸ್ಲಿಪ್‌ನಲ್ಲಿ ಕೇರಳದ ನಾಯಕ ಸಚಿನ್ ಬೇಬಿಯ ಕೈಗೆ ಬಿತ್ತು. ಮೊದಲ ಇನಿಂಗ್ಸ್‌ನಲ್ಲಿ ಎರಡು ರನ್ ಮುನ್ನಡೆ, ಪಂದ್ಯ ಡ್ರಾ ಆದ್ದರಿಂದ ಅದೇ ಸಾಕಾಯಿತು. ಕೇರಳ ಮೊದಲ ಸಲ ಫೈನಲ್‌ಗೆ. ಅಂಗಡಿಯಲ್ಲಿ ತಕ್ಕಡಿ ಹಿಡಿದವನೂ ಕಿರುಚಿದ, ಅಡಿಕೆ ತಂದವರೂ ಕಿರುಚಿದರು, ನಾನೂ.

ಅಂದು ಲೆಕ್ಕದಲ್ಲಿ ಒಂದು ಗೋಣಿ ಜಾಸ್ತಿ ಬರೆದಿದ್ದೆ. ಸಂಜೆ ಸಾಹುಕಾರರು ಕಂಡುಹಿಡಿದರು.