ಮಳೆಗಾಲದಲ್ಲಿ ನಾಲ್ಕು ವರ್ಷದ ಮಗುವಿಗೆ ಮನೆಯೊಳಗೆ ಏನು ಮಾಡಿಸಬಹುದು?

ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ವಾರಗಟ್ಟಲೆ ಮಕ್ಕಳು ಒಳಗೇ. ದುಡ್ಡು ಕೊಟ್ಟು ಕ್ರಾಫ್ಟ್ ಕಿಟ್ ತರಿಸಬೇಡಿ, ಅಡುಗೆಮನೆ ಸಾಕು.

ನಮ್ಮಲ್ಲಿ ಗೆದ್ದಿದ್ದು ಅರಿಶಿನದ ಕಾಗದ. ಒಂದು ಚಮಚ ಅರಿಶಿನವನ್ನು ನೀರಲ್ಲಿ ಕಲಸಿ, ಬಿಳಿ ಕಾಗದಕ್ಕೆ ಬಳಿದು ಒಣಗಿಸಿ. ಮಳೆಗಾಲ ಅಲ್ವಾ, ಫ್ಯಾನ್ ಕೆಳಗೆ ಇಡಿ. ಆಮೇಲೆ ಅಡುಗೆ ಸೋಡಾ ಕದಡಿದ ನೀರಿಗೆ ಬೆರಳದ್ದಿ ಗೀಚಲು ಬಿಡಿ. ಹಳದಿ ಮೇಲೆ ಕೆಂಪು ಗೆರೆ ಮೂಡುತ್ತದೆ. ಅದಕ್ಕೆ ನಿಂಬೆರಸ ಮುಟ್ಟಿಸಿದರೆ ಮತ್ತೆ ಹಳದಿ! ಅರಿಶಿನ ಕ್ಷಾರಕ್ಕೆ ಕೆಂಪಾಗುತ್ತದೆ, ಹುಳಿಗೆ ಮೊದಲಿನಂತಾಗುತ್ತದೆ. ಆರತಿ ತಟ್ಟೆಯ ಓಕುಳಿ ಕೆಂಪಾಗುವುದೂ ಹೀಗೆಯೇ, ಅಲ್ಲಿ ಸುಣ್ಣ ಹಾಕುತ್ತೇವೆ. ಆದರೆ ಸುಣ್ಣವನ್ನು ಮಕ್ಕಳ ಕೈಗೆ ಕೊಡಲೇಬೇಡಿ, ಕಣ್ಣಿಗೆ ಬಿದ್ದರೆ ಕಷ್ಟ. ಹಳೇ ಅಂಗಿ ಹಾಕಿಸಿ. ನನ್ನ ಮಗಳ ಬಿಳಿ ಫ್ರಾಕಿಗೆ ಸೋಪು ಹಚ್ಚಿದೆ, ಕಲೆ ಕೆಂಪಾಗಿ ಅವಳಿಗೆ ಇನ್ನೂ ಖುಷಿ!

ಬೆಂಡೆಕಾಯಿ ಅಡ್ಡ ಕೊಯ್ದು ಬಣ್ಣಕ್ಕದ್ದಿ ಒತ್ತಿದರೆ ಹೂವಿನ ಅಚ್ಚು. ಸುಮ್ನೆ ಅರ್ಧ ಗಂಟೆ ಹೋಗುತ್ತದೆ.

ಮಳೆ ಸ್ವಲ್ಪ ಹೊಳವಾದರೆ ತೋಟದಿಂದ ಅಡಿಕೆ ಹಾಳೆ ತಂದು, ಅದರ ಮೇಲೆ ಕೂರಿಸಿ ಅಂಗಳದಲ್ಲಿ ಎಳೆಯಿರಿ. 'ಇನ್ನೊಂದು ಸುತ್ತು' ಅನ್ನುವುದು ನಿಲ್ಲುವುದಿಲ್ಲ, ಸೊಂಟ ಜೋಪಾನ.